ಬೊಂಬಾಯಿಗೆ ಹೋದ ರಕ್ತ

ಕಾರವಾರದ ಮೀನಿನ ಲಾರಿ ಹಳಿಯಾಳದಲ್ಲಿ ನನ್ನ ಅಂಗಡಿಯ ಮುಂದೆ ನಿಲ್ಲುತ್ತಿತ್ತು. ಎಂಬತ್ತಮೂರನೇ ಇಸವಿಯಲ್ಲಿ ಬರಫ್, ಅಂದರೆ ಮಂಜುಗಡ್ಡೆ, ಬೇಕೆಂದರೆ ನನ್ನ ಹತ್ತಿರವೇ ಬರಬೇಕಿತ್ತು. ಆದರೂ ಕಿರಾಣಿ ನಾಗಲಿಂಗಪ್ಪನವರ ಮಗಳು ಶಿವಗಂಗವ್ವ ಮೀನುಪೇಟೆಗೆ ಬಂದಾಗ ಜನ ನಿಂತು ನೋಡಿದರು.

"ಡಾಕ್ಟರಬಾಯಿ, ಲಿಂಗಾ ಕಟ್ಟಿದವರು ಇಲ್ಲಿ ಬಂದ್ರ ನಮ್ಮ ಬಂಗಡಿ ಮೀನಿಗೆ ನಾಚಿಕಿ ಬರ್ತೈತ್ರಿ," ಎಂದೆ.

"ನಾಚಿಕೊಳ್ಳಲಿ ಬಿಡ್ರಿ ಹುಸೇನಣ್ಣ. ನನಗ ಬರಫ್ ಬೇಕಾಗೇತಿ."

ಆಕೆ ರೋಗಿಗಳನ್ನು ನೋಡುವ ಡಾಕ್ಟರಲ್ಲ. ಹನ್ನೆರಡು ವರ್ಷದಿಂದ ಬೊಂಬಾಯಿಯ ಪ್ರಯೋಗಶಾಲೆಯಲ್ಲಿ ಮೆದುಳಿನ ಕ್ಯಾನ್ಸರ್ ಗಡ್ಡೆಗಳ ಮೇಲೆ ಕೆಲಸ. ಆಪರೇಷನ್ನಿನಲ್ಲಿ ತೆಗೆದ ಚೂರನ್ನು ಸೀಸೆಯಲ್ಲಿ ಬೆಳೆಸಿ, ಅದರ ಜೀವಕಣಗಳು ಯಾಕೆ ಅಳತೆ ಮೀರಿ ಹೆಚ್ಚುತ್ತವೆ, ಕಣದೊಳಗಿನ ಯಾವ ಎಳೆ ಹರಿದಿದೆ ಎಂದು ಹುಡುಕುವುದು. ಈ ರೋಗ ಸಾಮಾನ್ಯವಾಗಿ ಮನೆತನದಲ್ಲಿ ಹರಿದು ಬರುವುದಿಲ್ಲವಂತೆ. ಆದರೆ ನಮ್ಮ ತಾಲೂಕಿನ ಸಿದ್ದಿ ಹೆಂಗಸು ಕ್ರಿಸ್ತಿನಾಳ ಗಂಡ, ಇಬ್ಬರು ಗಂಡುಮಕ್ಕಳು ಅದರಿಂದಲೇ ಸತ್ತಿದ್ದರು. ಉಳಿದ ಮಗಳ, ನಾಲ್ವರು ಮೈದುನರ ರಕ್ತದಲ್ಲೂ ಅದೇ ಎಳೆ ಹರಿದಿದೆಯೇ ನೋಡಬೇಕು. ಅದಕ್ಕೆ ರಕ್ತ ತಣ್ಣಗೆ ಬೊಂಬಾಯಿ ಮುಟ್ಟಬೇಕು.

ಸಿದ್ದಿ ಕೇರಿಯಿಂದ ಆಕೆ ತಂದ ರಕ್ತದ ಐದು ಸಣ್ಣ ನಳಿಗೆಗಳನ್ನು ನಾನೇ ಪೆಟ್ಟಿಗೆಯಲ್ಲಿ ಕಟ್ಟಿಕೊಟ್ಟೆ. ಮೀನಿನವರ ರೂಢಿಯಂತೆ ಬರಫಿಗೆ ನಾಲ್ಕು ಹಿಡಿ ಉಪ್ಪು ಬೆರೆಸಿದೆ. ಆಗ ತಂಪು ಕಚ್ಚುತ್ತದೆ, ಮೀನು ಕಲ್ಲಾಗುತ್ತದೆ. ಕಲಿತವಳೊಬ್ಬಳಿಗೆ ಉಪಕಾರ ಮಾಡಿದೆ ಎಂದುಕೊಂಡೆ.

ಇಪ್ಪತ್ತು ದಿನಕ್ಕೆ ಆಕೆ ತಿರುಗಿ ಬಂದಳು.

"ಬರಫಿನಾಗ ಏನರ ಹಾಕಿದ್ರೇನ್ರಿ?"

"ಉಪ್ಪು ಹಾಕಿದ್ನಿ. ಪುಕ್ಕಟ!"

ಆಕೆ ನಕ್ಕಳು. ಆದರೆ ಖಾಲಿ ಬುಟ್ಟಿಯ ಮೇಲೆ ಕೂತುಬಿಟ್ಟಳು. "ರಕ್ತ ಕಲ್ಲಾಗಿ ಕಣ ಎಲ್ಲಾ ಸತ್ತಿದ್ವು. ಮೀನ ಸತ್ತದ್ದು, ನಡೀತೈತಿ. ನನಗ ರಕ್ತ ಜೀವಂತ ಬೇಕ್ರಿ. ಮೊದಲ ಹೇಳಬೇಕಿತ್ತು, ತಪ್ಪು ನಂದ."

ಇನ್ನೊಮ್ಮೆ ಕೆಟ್ಟರೆ ಆ ಮನೆತನವನ್ನು ಕೈಬಿಡಬೇಕು ಎಂದು ಪ್ರಯೋಗಶಾಲೆಯ ಮೇಲಿನವರು ಹೇಳಿದ್ದರಂತೆ. ಕೆಡಿಸಿದವನು ನಾನು, ಜೊತೆಗೆ ಹೊರಟೆ.

ಕ್ರಿಸ್ತಿನಾ ಅಂಗಳದಲ್ಲಿ ಭತ್ತ ಕೇರುತ್ತಿದ್ದಳು. ಮೊರ ನಿಲ್ಲಿಸಲಿಲ್ಲ. "ಒಮ್ಮೆ ಕೊಟ್ಟಿದ್ದು ಸಾಲಲಿಲ್ಲೇನ? ಮಾರಿಕೊಂಡ್ಯೇನ ಬಾಯಿ?"

"ಕ್ರಿಸ್ತಿನಕ್ಕ, ಡಾಕ್ಟರಬಾಯಿದಲ್ಲ, ತಪ್ಪು ನಂದು. ಉಪ್ಪು ಹಾಕಿ ಕೆಡಿಸಿಬಿಟ್ಟೆ," ಎಂದೆ.

"ನಮ್ಮ ರಕ್ತಾನೂ ಬಂಗಡಿ ಮಾಡಿದ್ಯಾ ಸಾಬ?" ಎಂದು ಮೊರ ಕೆಳಗಿಟ್ಟು ಶಿವಗಂಗವ್ವನ ಕಡೆ ತಿರುಗಿದಳು. "ಖರೇ ಹೇಳು. ನನ್ನ ಮಗಳಿಗೆ ಬರ್ತೈತೋ ಇಲ್ಲೋ ನಿನಗ ತಿಳಿತೈತೇನ?"

"ಈಗ ತಿಳಿಯೂದಿಲ್ಲವ್ವಾ. ಔಷಧಾನೂ ಇಲ್ಲ. ಆದ್ರ ಯಾವ ಎಳಿ ಹರಿದೈತಿ ಅಂತ ಗೊತ್ತಾಗದ ಯಾರಿಗೂ ಏನೂ ಮಾಡಾಕ ಬರೂದಿಲ್ಲ. ಅದನ್ನ ನಾ ಹುಡುಕೂದು ಬಿಡಾಕಿ ಅಲ್ಲ."

ಆಸೆ ತೋರಿಸಿದ್ದರೆ ಕ್ರಿಸ್ತಿನಾ ನಮ್ಮನ್ನು ಅಟ್ಟುತ್ತಿದ್ದಳು. ಗಂಡ, ಮಕ್ಕಳ ಕಾಲಕ್ಕೆ ಅಂಥ ಮಾತು ಸಾಕಷ್ಟು ಕೇಳಿದ್ದಳು. ಸೆರಗಿನ ಹೊಟ್ಟು ಕೊಡವಿ ಅಂದಳು: "ಇಲ್ಲಿ ತಗಿಬ್ಯಾಡ. ರಕ್ತ ಬಿಸಲಾಗ ಹಳಿಯಾಳತನಾ ಹೊರೂದ್ಯಾಕ? ನಾವ ನಡಕೊಂಡ ಬರ್ತೇವಿ. ಬಸ್ ಬಿಡೂ ಹೊತ್ತಿಗೆ ತಗಿ."

ಹನ್ನೆರಡು ವರ್ಷ ಇದೇ ಕೆಲಸ ಮಾಡಿದವಳಿಗೂ, ನನಗೂ ಇದು ಹೊಳೆದಿರಲಿಲ್ಲ.

ಗುರುವಾರ ಮುಂಜಾನೆ ಕ್ರಿಸ್ತಿನಾ ಐದೂ ಜನರನ್ನು ಕರೆದುಕೊಂಡು ಬಂದಳು. ನನ್ನ ಅಂಗಡಿಯ ತೊಳೆದ ಬೆಂಚಿನ ಮೇಲೆ ಶಿವಗಂಗವ್ವ ರಕ್ತ ತೆಗೆದಳು. ನಾನು ನಳಿಗೆಗಳಿಗೆ ಹತ್ತಿ ಸುತ್ತಿ, ಬರಫ್ ತಾಗದಂತೆ ನಡುವೆ ಭತ್ತದ ಹೊಟ್ಟು ತುಂಬಿದೆ. ಕ್ರಿಸ್ತಿನಾ ಒಂದು ಚೂರು ಬರಫ್ ತೆಗೆದು ನಾಲಿಗೆಗೆ ಇಟ್ಟುಕೊಂಡಳು.

"ಸಪ್ಪಗೈತಿ. ಹೊಂಡ್ರಿ."

ಹುಬ್ಬಳ್ಳಿ ಸ್ಟೇಷನ್ನಿನವರೆಗೆ ಪೆಟ್ಟಿಗೆ ನನ್ನ ತೊಡೆಯ ಮೇಲೆಯೇ ಇತ್ತು.

ಹದಿನೈದು ದಿನಕ್ಕೆ ಕಾಗದ ಬಂತು. ಐದೂ ಜನರ ರಕ್ತದ ಕಣಗಳು ಬದುಕಿ, ಸೀಸೆಯಲ್ಲಿ ಬೆಳೆದಿದ್ದವು. ಕೆಲಸ ಮುಂದುವರಿಸಲು ಮೇಲಿನವರು ಒಪ್ಪಿದ್ದರು. ನಾನು ಹೋಗಿ ಕ್ರಿಸ್ತಿನಾಳಿಗೆ ಓದಿ ಹೇಳಿದೆ.

"ಎಷ್ಟ ವರ್ಷ ಹಿಡಿತೈತಂತ?" ಎಂದು ಕೇಳಿದಳು.

"ಹತ್ತೋ ಹದಿನೈದೋ ಅಂತ ಬರದಾಳ."

ಮಗಳು ಬಾವಿಯಿಂದ ಕೊಡ ಹೊತ್ತು ಬರುತ್ತಿದ್ದಳು. ಕ್ರಿಸ್ತಿನಾ ಅವಳನ್ನೇ ನೋಡಿದಳು. "ಹಂಗಾರ ಆ ಡಾಕ್ಟರಬಾಯಿ ಮತ್ತ ಬರಬೇಕಾಗತೈತಿ. ಮಳಿಗಾಲದಾಗ ಹಳ್ಳ ದಾಟಾಕ ಬರೂದಿಲ್ಲ. ಸುಗ್ಗಿ ಮುಗದ ಮ್ಯಾಲ ಬಾ ಅಂತ ಬರಿ ಸಾಬ. ನಾವು ಇಲ್ಲೇ ಇರ್ತೇವಿ."