ಚುಕ್ಕಿ ಬೊಟ್ಟು ಚುಕ್ಕಿ

ಗಂಗಾಂಬಿಕಾ ಮೇಡಂ ಬರೆದ ಕಂಪ್ಯೂಟರಿನ ಡಾಸ್ ಪುಸ್ತಕದಲ್ಲಿ ತಪ್ಪುಗಳಿವೆ ಎಂಬ ಸುದ್ದಿ ಕೊಟ್ಟೂರಿಗೆ ಹರಪನಹಳ್ಳಿಯ ಬಸ್ಸಿನಲ್ಲಿ ಬಂದಿತು. ಅಲ್ಲಿಯ ಕಾಲೇಜೊಂದರ ಮೇಷ್ಟ್ರು ಏನೋ ಕೆಲಸಕ್ಕೆ ಬಂದವರು ಮೇಡಂ ಗಂಡ ಗುರುಸಂಗಪ್ಪನವರ ಸೈಕಲ್ ಸಾಮಾನಿನ ಅಂಗಡಿಯ ಮುಂದೆ ನಿಂತು, "ಪುಸ್ತಕ ಚೆನ್ನಾಗೈತ್ರಿ. ಆದ್ರೆ ಒಳಗಿನ ಕಮಾಂಡು ಅರ್ಧಕ್ಕರ್ಧ ನಡೆಯೋದೇ ಇಲ್ಲ. ಹುಡುಗ್ರು ನನ್ನ ಮುಖ ನೋಡ್ತಾರೆ" ಎಂದು ಹೇಳಿ ಹೋದರು. ಗುರುಸಂಗಪ್ಪ ಆಗ ಯಾರದೋ ಸೈಕಲ್ಲಿನ ಪೆಡಲ್ ಬಿಚ್ಚುತ್ತಿದ್ದರು. ಬಿಚ್ಚಿದ್ದನ್ನು ಹಾಗೇ ಬಿಟ್ಟು, ಗ್ರೀಸಿನ ಕೈಯಲ್ಲೇ ಮನೆಗೆ ಬಂದು, "ಜಂಬಣ್ಣ ನಮ್ಮ ಪುಸ್ತಕ ಕೆಡಿಸ್ಯಾನೆ" ಎಂದರು.

ಜಂಬಣ್ಣ ಹಗರಿಬೊಮ್ಮನಹಳ್ಳಿಯಲ್ಲಿ ಸಣ್ಣದೊಂದು ಪ್ರೆಸ್ಸು ಇಟ್ಟುಕೊಂಡವನು. ಲಗ್ನಪತ್ರಿಕೆ, ಕರಪತ್ರ, ಬಿಲ್ ಬುಕ್ಕು ಅವನ ಕೆಲಸ. ಮೇಡಂ ಪುಸ್ತಕವನ್ನು ಅಚ್ಚು ಹಾಕಿದವನೂ ಅವನೇ. ಎರಡನೆಯ ಮುದ್ರಣಕ್ಕೂ ಅವನಿಗೇ ಹೇಳಿಯಾಗಿತ್ತು.

ಆ ಪುಸ್ತಕ ಹುಟ್ಟಿದ ಬಗೆಯನ್ನು ಮೇಡಂ ಶಿಷ್ಯೆ ರೇಖಾ ಕಣ್ಣಾರೆ ಕಂಡಿದ್ದಳು. ಮೌಸಿನ ಹಂಗಿಲ್ಲದೆ, ಕಪ್ಪು ಪರದೆಯ ಮೇಲೆ ಒಂದೊಂದೇ ಕಮಾಂಡ್ ಟೈಪ್ ಮಾಡಿ ಕಂಪ್ಯೂಟರಿನಿಂದ ಕೆಲಸ ತೆಗೆಯುವ ವಿದ್ಯೆಯನ್ನು ಕನ್ನಡದ ಮಕ್ಕಳಿಗೆ ಕನ್ನಡದಲ್ಲೇ ಹೇಳಬೇಕು ಎಂಬುದು ಮೇಡಂ ಆಸೆ. ಕಾಲೇಜಿನಲ್ಲಿ ಲೆಕ್ಕ ಕಲಿಸುತ್ತಿದ್ದವರು ಕಂಪ್ಯೂಟರು ಬಂದ ಮೇಲೆ ಅದನ್ನೂ ತಾವೇ ಕಲಿತು ಕಲಿಸಿದರು. ಆದರೆ ಪುಸ್ತಕ ಬರೆಯಬೇಕು ಎನ್ನುವ ಹೊತ್ತಿಗೆ ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿದಿತ್ತು. ಎದುರು ಬಂದವರ ಆಕಾರ ಕಾಣುತ್ತಿತ್ತು, ಅಕ್ಷರ ಕಾಣುತ್ತಿರಲಿಲ್ಲ. ಆಗ ಗಂಡ ಗುರುಸಂಗಪ್ಪ, "ನೀನು ಹೇಳ್ತಾ ಹೋಗು, ನಾನು ಬರಕೊಳ್ತೀನಿ" ಎಂದರು. ಓದು ಹೈಸ್ಕೂಲಿನ ಬಾಗಿಲಲ್ಲೇ ನಿಂತ ಮನುಷ್ಯ. ಇಂಗ್ಲಿಷ್ ಅಕ್ಷರಗಳನ್ನು ಸ್ಪೋಕಿನ ಹಾಗೆ ನೆಟ್ಟಗೆ, ಬಿಡಿಬಿಡಿಯಾಗಿ ಬರೆಯುತ್ತಿದ್ದರು. ದಿನಾ ಸಂಜೆ ಅಂಗಡಿ ಮುಚ್ಚಿ ಬಂದು, ಸೋಪು ಹಚ್ಚಿ ಕೈ ತೊಳೆದು, ಪಡಸಾಲೆಯಲ್ಲಿ ಕೂತು ಇಡೀ ಪುಸ್ತಕವನ್ನು ಬರೆದರು. ಅಚ್ಚಿನ ಕರಡನ್ನೂ ಅವರೇ ತಮ್ಮ ಬರಹದ ಪಕ್ಕದಲ್ಲಿಟ್ಟು ನೋಡಿದರು. ಒಂದು ಅಕ್ಷರವೂ ಆಚೀಚೆ ಆಗಿರಲಿಲ್ಲ.

ಪುಸ್ತಕ ಬಂದ ಮೇಲೆ ಒಂದು ಪ್ರತಿಗೆ ಪ್ಲಾಸ್ಟಿಕ್ ಹೊದಿಸಿ ಅಂಗಡಿಯಲ್ಲಿ ಟ್ಯೂಬಿನ ಡಬ್ಬಿಗಳ ಪಕ್ಕ ನಿಲ್ಲಿಸಿದ್ದರು. ಪಂಕ್ಚರ್ ಹಾಕಿಸಲು ಬಂದವರಿಗೂ ತೋರಿಸುತ್ತಿದ್ದರು. "ನಮ್ಮಾಕೆ ಬರೆದದ್ದು." ಬರಕೊಂಡವನು ತಾನು ಎಂದು ಒಮ್ಮೆಯೂ ಹೇಳಿದ್ದಿಲ್ಲ.

ರೇಖಾ ಬಿ.ಎಸ್ಸಿ. ಮುಗಿಸಿ ಮನೆಯಲ್ಲಿದ್ದವಳು. ಹೇಳಬೇಕಾದ್ದನ್ನೆಲ್ಲ ಡೈರಿಗೆ ಹೇಳಿ, ಮನುಷ್ಯರೆದುರು ಹೂಂ, ಉಹೂಂಗಳಲ್ಲಿ ದಿನ ತಳ್ಳುವ ಹುಡುಗಿ. ಡೈರಿ ಎಂದರೆ ಅಂಗಡಿಯದಲ್ಲ. ಹಿಂದೊಮ್ಮೆ ಮೇಡಂ ಜೊತೆ ಪ್ರೆಸ್ಸಿಗೆ ಹೋದಾಗ ಜಂಬಣ್ಣ ಕತ್ತರಿಸಿ ಉಳಿದ ಕಾಗದಗಳನ್ನು ಒಪ್ಪ ಮಾಡಿ ಹೊಲಿದು, "ತಗಾ ತಂಗಿ, ಬರಿಯೋ ಕೈ ಕಂಡ್ರ ನನಗ ಗೊತ್ತಾಗತೈತಿ" ಎಂದು ಕೊಟ್ಟಿದ್ದ. ಆಗ ಅವಳು ಥ್ಯಾಂಕ್ಸ್ ಅನ್ನುವುದನ್ನೂ ಮರೆತು ನಿಂತಿದ್ದಳು.

ತಪ್ಪು ಹುಡುಕುವ ಕೆಲಸ ಅವಳ ಪಾಲಿಗೆ ಬಂದಿತು. ಕಾಲೇಜಿನ ಕಂಪ್ಯೂಟರಿನ ಮುಂದೆ ಕೂತು ಪುಸ್ತಕದ ಕಮಾಂಡುಗಳನ್ನು ಒಂದೊಂದಾಗಿ ಟೈಪ್ ಮಾಡಿ, ನಡೆಯದ್ದಕ್ಕೆಲ್ಲ ಪೆನ್ಸಿಲಿನ ಗುರುತು ಹಾಕಿ, ಸಂಜೆ ಮೇಡಂ ಎದುರು ಕೂತಳು.

"ಎಲ್ಲಿ ಕೆಟ್ಟೈತಿ, ಓದು" ಎಂದರು ಮೇಡಂ.

"ಕಾಪಿ ಅಂತ ಐತ್ರಿ. ಆಮ್ಯಾಲೆ ಡಾಟ್ ಡಾಟ್ ಡಾಟ್. ಆಮ್ಯಾಲೆ ಎ ಡ್ರೈವ್."

"ಮೂರು ಡಾಟ್? ಸ್ಟಾರ್ ಡಾಟ್ ಸ್ಟಾರ್ ಇಲ್ಲೇನು? ಎಲ್ಲಾ ಫೈಲೂ ಒಮ್ಮಿಗೇ ಕಾಪಿ ಮಾಡೂದಲ್ಲೇನವಾ ಅದು?"

"ಸ್ಟಾರ್ ಇಲ್ರೀ ಮೇಡಂ." ರೇಖಾ ದನಿ ಇನ್ನೂ ಸಣ್ಣದಾಯಿತು. "ಇಡೀ ಪುಸ್ತಕದಾಗ ಒಂದೂ ಇಲ್ಲ. ಸ್ಟಾರ್ ಇರಬೇಕಾದಲ್ಲೆಲ್ಲ ಡಾಟ್ ಐತಿ."

ಮೇಡಂ ತುಟಿಗಳು ಏನನ್ನೋ ಹೇಳಿಕೊಳ್ಳುತ್ತಿದ್ದವು. ಆಮೇಲೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ನಗುತ್ತಿದ್ದಾರೋ ಅಳುತ್ತಿದ್ದಾರೋ ರೇಖಾಗೆ ತಿಳಿಯಲಿಲ್ಲ.

"ನಾ ಅವರಿಗೆ ಸ್ಟಾರ್ ಅಂತ ಹೇಳೇ ಇಲ್ಲ ನೋಡವಾ. ಇಂಗ್ಲಿಷ್ ಅಂದ್ರ ಅವರು ಬೆವೀತಾರ. ಅದಕ್ಕ ಮನಿ ಮಾತಿನ್ಯಾಗ ಹೇಳಿದೆ. ಚುಕ್ಕಿ, ಬೊಟ್ಟು, ಚುಕ್ಕಿ ಅಂತ."

ಮೇಡಂ ತವರು ಹೊಳಲು. ಅವರ ಮನೆಯಲ್ಲಿ ಚುಕ್ಕಿ ಎಂದರೆ ಆಕಾಶದಲ್ಲಿರುವುದು. ಗುರುಸಂಗಪ್ಪ ಚಿಗಟೇರಿಯವರು. ಅವರ ಮನೆಯಲ್ಲಿ ಚುಕ್ಕಿ ಎಂದರೆ ಬಾಗಿಲ ಮುಂದೆ ರಂಗೋಲಿಯಲ್ಲಿಡುವುದು. ಬೊಟ್ಟಂತೂ ಎರಡೂ ಕಡೆ ಹಣೆಯ ಮೇಲಿನದೇ. ಹೆಂಡತಿ ಹೇಳಿದ್ದನ್ನು ಗಂಡ ಕಣ್ಣಿಗೊತ್ತಿಕೊಂಡು ಬರೆದಿದ್ದರು. ಮೂರು ಚುಕ್ಕಿ.

"ಅವರಿಗೆ ಹೇಳಬ್ಯಾಡ" ಎಂದರು ಮೇಡಂ. "ತಮ್ಮ ಕೈಲೇ ನನ್ನ ಪುಸ್ತಕ ಕೆಡ್ತು ಅಂತ ಗೊತ್ತಾದ್ರ ಆ ಮನುಷ್ಯಾ ಇನ್ನ ಪೆನ್ನು ಮುಟ್ಟೂದಿಲ್ಲ. ಒಂದು ಹಾಳಿ ಮ್ಯಾಲೆ ಅಚ್ಚಿನ ತಪ್ಪುಗಳು ಅಂತ ಹೆಡ್ಡಿಂಗ್ ಹಾಕಿ, ತಿದ್ದಿದ್ದನ್ನೆಲ್ಲ ಬರಿ. ಎಲ್ಲಾ ಪುಸ್ತಕದಾಗೂ ಅಚ್ಚಿನ ತಪ್ಪು ಇದ್ದದ್ದೇ."

ರೇಖಾ ಹೂಂ ಎಂದಳು. ಹಾಳೆಯ ಮೇಲೆ 'ಅಚ್ಚಿನ' ಎಂದು ಬರೆದಳು. ಕೈ ಮುಂದೆ ಹೋಗಲಿಲ್ಲ.

ಅಷ್ಟರಲ್ಲಿ ಗುರುಸಂಗಪ್ಪ ಬಂದರು. ಚಪ್ಪಲಿ ಬಿಡುತ್ತಲೇ ಶುರು ಮಾಡಿದರು. "ನಾಳೆ ಮೊದಲನೇ ಬಸ್ಸಿಗೇ ಹೋಗ್ತೀನಿ. ಎರಡನೇ ಮುದ್ರಣ ಅವನಿಗಿಲ್ಲ, ದಾವಣಗೆರೆಗೆ ಕೊಡ್ತೀನಿ. ಅವನ ಪ್ರೆಸ್ಸಿನ ಮುಂದೆ ನಿಂತು ನಾಕು ಮಂದಿ ಕೇಳೋ ಹಂಗೆ ಹೇಳಿ ಬರ್ತೀನಿ."

"ಹೋಗ್ಲಿ ಬಿಡ್ರಿ. ವಯಸ್ಸಾದ ಮನುಷ್ಯಾ" ಎಂದರು ಮೇಡಂ.

"ವಯಸ್ಸು ನನಗಾಗಿಲ್ಲೇನು? ರೇಖಾ, ನೀನೇ ಹೇಳಮ್ಮ, ಕೆಟ್ಟಿರೋದು ಎಲ್ಲಿ? ಆ ಮೂರು ಚುಕ್ಕಿ ಇರೋ ಕಡೆನೇ ಅಲ್ವೇನು?"

ರೇಖಾ ಬೆಚ್ಚಿ ತಲೆಯಾಡಿಸಿದಳು.

"ನನಗೊತ್ತು. ನಾನು ಬರೀವಾಗ ಅಂಚಿನವು ಸಣ್ಣವು, ನಡುವಿಂದು ದಪ್ಪ ಇಟ್ಟಿದ್ದೆ. ಬೊಟ್ಟು ಅಂದಿದ್ಲಲ್ಲ ಈಕೆ, ಬೊಟ್ಟು ಅಂದ್ರೆ ಕುಂಕುಮದಷ್ಟಾದ್ರೂ ಇರಬೇಕಲ್ಲ. ಈ ಜಂಬಣ್ಣ ಮೂರನ್ನೂ ಒಂದೇ ಅಳತೆ ಮಾಡ್ಯಾನೆ. ಕರಡು ನೋಡುವಾಗ್ಲೇ ಅನ್ನಿಸ್ತು, ಹೋಗ್ಲಿ ಅಂತ ಬಿಟ್ಟೆ. ಕಂಪ್ಯೂಟರ್ ಬಿಡ್ತದಾ? ಅದಕ್ಕೆ ದಪ್ಪ ಯಾವುದು ಸಣ್ಣದು ಯಾವುದು ಗೊತ್ತಾಗಬೇಕಲ್ಲ."

ಮೇಡಂ ಮುಖ ತಗ್ಗಿಸಿದರು. ರೇಖಾ ಹಾಳೆಯನ್ನು ನೋಡಿದಳು. ಬರೆದದ್ದು 'ಅಚ್ಚಿನ' ಎಂಬುದೊಂದೇ ಮಾತು. ಮನೆಗೆ ಹೋಗಿ ಡೈರಿಯಲ್ಲಿ ಬರೆದರೆ ಆಯಿತು, ಮನಸ್ಸು ಹಗುರಾಗುತ್ತದೆ. ಆದರೆ ಬರೆಯುವುದು ಜಂಬಣ್ಣ ಹೊಲಿದು ಕೊಟ್ಟ ಕಾಗದದ ಮೇಲೆ. ಅದೇ ಹೊತ್ತಿಗೆ ಆ ಮನುಷ್ಯ ಮಾಡದ ತಪ್ಪಿಗೆ ಬೈಗುಳ ಕೇಳಬೇಕು. ನಿಜ ಹೇಳಿದರೋ, ಈ ಮನುಷ್ಯ ಸೋಪು ಹಚ್ಚಿ ಕೈ ತೊಳೆದು ಕೂತ ಸಂಜೆಗಳೆಲ್ಲ ಒಮ್ಮೆಲೇ ತಪ್ಪಾಗಿಬಿಡುತ್ತವೆ.

"ಕಾಕಾರ" ಎಂದಳು. ಆ ದನಿ ತನ್ನದೇ ಎಂದು ನಂಬಲು ಒಂದು ಗಳಿಗೆ ಬೇಕಾಯಿತು. "ಕತ್ತಲಾದ ಮ್ಯಾಲೆ ಆಕಾಶದಾಗ ಮಿಣಿಮಿಣಿ ಅಂತಾವಲ್ರಿ. ಅವಕ್ಕ ನಿಮ್ಮ ಮನ್ಯಾಗ ಏನಂತಿದ್ರಿ?"

"ನಕ್ಷತ್ರ. ಇನ್ನೇನಂತಾರೆ? ನಮ್ಮಜ್ಜ ಪಂಚಾಂಗ ಹೇಳೋರು, ಬಾಯಿ ತೆಗೆದ್ರೆ ಅಶ್ವಿನಿ, ಭರಣಿ."

"ಮೇಡಂ ಅವರ ಹೊಳಲಿನ ಮನ್ಯಾಗ?"

ಗುರುಸಂಗಪ್ಪ ಹೆಂಡತಿಯ ಕಡೆ ತಿರುಗಿದರು. ಆಕೆ ಗಂಡನಿರುವ ದಿಕ್ಕಿಗೆ ಮುಖ ಎತ್ತಿದರು, ಅಷ್ಟೇ. ಅಂಗಳದಲ್ಲಿ ಯಾರದೋ ಮೇಕೆ ಒದರಿತು. ಗುರುಸಂಗಪ್ಪ ಮೆಲ್ಲಗೆ ಗೋಡೆಗೊರಗಿ ಕೂತರು.

"ಲಗ್ನದ ವರ್ಷ" ಎಂದರು, "ಮಾಳಿಗೆ ಮೇಲೆ ಕರಕೊಂಡು ಹೋಗಿ, ಚುಕ್ಕಿ ನೋಡ್ರಿ ಎಷ್ಟು ಚಂದ ಅದಾವು ಅಂದಿದ್ಲು ಈಕೆ. ನಾನು ಮಾಳಿಗೆ ಮೇಲೆ ಯಾರು ರಂಗೋಲಿ ಹಾಕ್ಯಾರೆ ಅಂತ ನೆಲ ನೋಡಿದ್ದೆ."

"ನಾ ಆವತ್ತೇ ತಿಳಕೊಳ್ಳಬೇಕಾಗಿತ್ತು" ಎಂದರು ಮೇಡಂ.

"ತಿಳಕೊಳ್ಳಬೇಕಾದೋನು ನಾನು. ಇಷ್ಟು ವರ್ಷ ಸಂಸಾರ ಮಾಡಿ, ನೀನು ಆಕಾಶ ತೋರಿಸಿದ್ರೆ ನಾನು ನೆಲ ಬರದೀನಿ." ಅವರು ತಮ್ಮ ಬಲಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡರು. ಗ್ರೀಸು ಇನ್ನೂ ಉಗುರಿನ ಸಂದಿಯಲ್ಲಿತ್ತು. "ರೇಖಾ, ಬರಿಯಮ್ಮ. ಅಚ್ಚಿನ ತಪ್ಪು ಅನ್ನೋದು ಹೊಡೆದುಹಾಕು. ಬರಕೊಂಡ ಗುರುಸಂಗಪ್ಪನ ತಪ್ಪು ಅಂತ ಹಾಕು."

"ಹಾಕಬ್ಯಾಡ" ಎಂದರು ಮೇಡಂ. "ಹೇಳಿದಾಕಿ ತಪ್ಪು ಅಂತ ಬರಿ. ನೆಟ್ಟಗ ಸ್ಟಾರ್ ಅಂದಿದ್ರ ಅವರು ಬರೀತಿದ್ರು. ಅವರಿಗೆ ತಿಳಿಯೂದಿಲ್ಲ ಅಂತ ನಾನೇ ಅಂದ್ಕೊಂಡೆ."

"ಪುಸ್ತಕದ ಮೇಲೆ ಹೆಸರಿರೋದು ನಿಂದು. ತಪ್ಪಿನ ಮೇಲಾದ್ರೂ ನನ್ನ ಹೆಸರಿರ್ಲಿ ಬಿಡು."

"ಅಬಾ, ಇದಕ್ಕೂ ಪಾಲು ಕೇಳ್ತೀರೇನು?"

ರೇಖಾ ಇಬ್ಬರ ನಡುವೆ ಪೆನ್ನು ಹಿಡಿದು ಕೂತಿದ್ದಳು. ಮೇಡಂ ತರಗತಿಯಲ್ಲಿ ಬೋರ್ಡಿನ ಮೇಲೆ ದೊಡ್ಡದಾಗಿ ಬರೆದು ಹೇಳಿಕೊಟ್ಟದ್ದು ನೆನಪಾಯಿತು. ಸ್ಟಾರ್ ಎಂದರೆ ಆ ಜಾಗದಲ್ಲಿ ಯಾವ ಹೆಸರಾದರೂ ಬರಬಹುದು ಎಂದು ಯಂತ್ರಕ್ಕೆ ಹೇಳುವ ಗುರುತು.

"ಹೆಸರಿನ ಜಾಗದಾಗ ಒಂದು ಚುಕ್ಕಿ ಇಡ್ತೀನ್ರಿ" ಎಂದಳು. "ಆಕಾಶದ್ದು. ಯಾರ ಹೆಸರು ಬಂದ್ರೂ ಆಗತೈತಿ."

ಮೇಡಂ ಈಗ ನಿಜವಾಗಿಯೂ ನಕ್ಕರು. ಗುರುಸಂಗಪ್ಪನವರಿಗೆ ಅದನ್ನು ಬಿಡಿಸಿ ಹೇಳಬೇಕಾಯಿತು. ಹೇಳಿದ ಮೇಲೆ ಅವರು ಸ್ವಲ್ಪ ಯೋಚನೆ ಮಾಡಿದರು.

"ಹಂಗಾದ್ರೆ ಜಂಬಣ್ಣನೂ ಅದರೊಳಗೆ ಬರ್ತಾನಾ?"

"ಬಂದ್ರೂ ಬರಬಹುದ್ರಿ."

"ಬರ್ಲಿ. ನಡುವಿನ ಬೊಟ್ಟು ಸಣ್ಣ ಮಾಡ್ಯಾನಲ್ಲ, ಅಷ್ಟಕ್ಕೆ ಬರ್ಲಿ." ಎದ್ದು ಬಚ್ಚಲಿಗೆ ಹೋದರು. ಸೋಪು ಹಚ್ಚಿ ಕೈ ತೊಳೆಯುವ ಸದ್ದು ಕೇಳಿಸಿತು. ಒರೆಸಿಕೊಳ್ಳುತ್ತ ಬಂದು ರೇಖಾ ಕೈಯಿಂದ ಪೆನ್ನು ತೆಗೆದುಕೊಂಡರು. "ಆ ಸ್ಟಾರ್ ಹೆಂಗೆ ಬರೀತಾರೆ, ತೋರಿಸು."

ರೇಖಾ ಪಕ್ಕದ ಚೂರು ಕಾಗದದ ಮೇಲೆ ಸಣ್ಣ ಗೆರೆಗಳನ್ನು ಒಂದರ ಮೇಲೊಂದು ಅಡ್ಡಡ್ಡ ಎಳೆದು ತೋರಿಸಿದಳು. ಗುರುಸಂಗಪ್ಪ ತಪ್ಪುಗಳ ಹಾಳೆಯ ನೆತ್ತಿಗೆ ಗೆರೆ ಎಳೆಯತೊಡಗಿದರು. ಸ್ಪೋಕಿನ ಹಾಗೆ ನೆಟ್ಟಗೆ, ನಡುವಿನಿಂದ ಸುತ್ತಲೂ. ಒಮ್ಮೆ ಎಳೆದದ್ದರ ಮೇಲೆ ಮತ್ತೊಮ್ಮೆ ಎಳೆದರು. ಅದು ಬೆಳೆಯುತ್ತ ಬೆಳೆಯುತ್ತ ಅಂಗೈಯಷ್ಟಾಯಿತು.

"ಅಷ್ಟು ದೊಡ್ಡದು ಬ್ಯಾಡ್ರಿ ಕಾಕಾರ" ಎಂದಳು ರೇಖಾ. "ಬರಿಯಾಕ ಜಾಗ ಉಳಿಯೂದಿಲ್ಲ."

ಅವರು ಕೇಳಿಸಿಕೊಳ್ಳಲಿಲ್ಲ. ಹಾಳೆಯನ್ನು ಎತ್ತಿ ಹೆಂಡತಿಯ ಮುಖದ ಹತ್ತಿರ ಹಿಡಿದರು, ಸ್ವಲ್ಪ ಹಿಂದಕ್ಕೆ, ಮತ್ತೆ ಮುಂದಕ್ಕೆ.

"ಕಾಣ್ತದಾ?"

ಮೇಡಂ ಕಣ್ಣು ಕಿರಿದು ಮಾಡಿ ನೋಡಿದರು. ಮೂಗು ಕಾಗದಕ್ಕೆ ತಾಗುವಷ್ಟು ಬಗ್ಗಿದರು.

"ಕಾಣತೈತಿ" ಎಂದರು. "ಒಂದು ಕಾಲು ಸೊಟ್ಟ ಐತಿ."