ರೇಡಿಯೋದಲ್ಲಿ ಸತ್ತ ಅಬಿಗೇಲ್

ನನ್ನ ತಂಗಿ ಗೊಬ್ನಿಟ್ ತೀರಿಕೊಂಡ ಮರುದಿನ ಅವಳನ್ನು ನಡುಮನೆಯಲ್ಲಿ ತೆರೆದ ಪೆಟ್ಟಿಗೆಯಲ್ಲಿ ಮಲಗಿಸಿ, ಚಹಾ ಕುದಿಸಿ, ತಟ್ಟೆಗಟ್ಟಲೆ ಹ್ಯಾಮ್ ಸ್ಯಾಂಡ್‌ವಿಚ್ ಮಾಡಿಟ್ಟು ಕಾದೆವು. ಐರ್ಲೆಂಡಿನ ನಮ್ಮೂರು ಬಾಲಿವೂರ್ನಿಯಲ್ಲಿ ಸಾವಿನ ಮನೆಗೆ ಮಾತು ಬಿಟ್ಟವರೂ ಬರುತ್ತಾರೆ. ಅವತ್ತು ಮಧ್ಯಾಹ್ನ ದಾಟಿದರೂ ನರಪಿಳ್ಳೆ ಸುಳಿಯಲಿಲ್ಲ.

ಕೊನೆಗೆ ಟಪಾಲಿನ ಡೋನಲ್ ಬಂದವನು ಬಾಗಿಲಲ್ಲೇ ಹೌಹಾರಿದ.

"ಅಯ್ಯೋ, ಗೊಬ್ನಿಟಕ್ಕನಾ? ಬೆಳಿಗ್ಗೆ ರೇಡಿಯೋದಲ್ಲಿ ಯಾರೋ ಅಬಿಗೇಲ್ ಲಿಂಚ್ ಅಂದ್ರಲ್ಲ! ಲಿಂಚ್ ಮನೆತನದವ್ರು ಊರ್ ತುಂಬ ಇದಾರೆ. ಯಾವಳೋ ಪಾಪ ಅನ್ಕೊಂಡ್ವಿ."

ನಮ್ಮ ಕಡೆ ಸಾವಿನ ಸುದ್ದಿ ತಿಳಿಯುವುದೇ ರೇಡಿಯೋದಿಂದ. ಅಲ್ಲಿಗೆ ಸುದ್ದಿ ಕೊಟ್ಟವನು ತಂಗಿಯ ಮಗ ಫಿನ್ಬಾರ್. ನನಗೆ ಮೈಯೆಲ್ಲ ಉರಿದುಹೋಯಿತು. ಅಬಿಗೇಲ್ ಅಂತ ಯಾಕೆ ಕೊಟ್ಟೆ ಎಂದು ಅವನನ್ನು ಹಿಡಿದು ಕೇಳಿದೆ.

"ದಾಖಲೆಲಿರೋದು ಅದೇ ಹೆಸ್ರು, ದೊಡ್ಡಮ್ಮ. ಗೊಬ್ನಿಟ್ ಅಂದ್ರೆ ಕಾರ್ಕ್ ಸಿಟೀಲಿ ನಗ್ತಾರೆ."

"ನಗ್ಲಿ! ಅದು ಸ್ಕೂಲಲ್ಲಿ ಕನ್ಯಾಸ್ತ್ರೀಯರು ಅಂಟಿಸಿದ್ದು, ಗೊಬ್ನಿಟ್ ಒರಟು ಹೆಸರು ಅಂತ. ಅಬಿಗೇಲ್ ಅಂದ್ರೆ ನಿಮ್ಮಮ್ಮ ಒಂದಿನ ಓಗೊಟ್ಟಿದ್ಲೇನೋ?"

ಒರಟಂತೆ! ಸಂತ ಗೊಬ್ನಿಟ್ ನಮ್ಮೂರಲ್ಲಿ ನೆಲೆ ನಿಂತವಳು, ದನಗಳ್ಳರ ಮೇಲೆ ಜೇನುಹುಳ ಬಿಟ್ಟು ಓಡಿಸಿದವಳು. ಅವಳ ಹೆಸರಿನ ಬೇರು ಕಮ್ಮಾರನ ಕುಲುಮೆಯಲ್ಲಿದೆ ಎನ್ನುತ್ತಾರೆ. ಅವಳ ಹಬ್ಬದಂದು ಮರದ ವಿಗ್ರಹಕ್ಕೆ ರಿಬ್ಬನ್ ಅಳತೆ ಹಿಡಿದು ತಂದು ಕಾಯಿಲೆಯವರ ಮೈಗೆ ಸುತ್ತುತ್ತೇವೆ. ಚಿಕ್ಕವನಿದ್ದಾಗ ಇದೇ ಫಿನ್ಬಾರನ ನಾಯಿಕೆಮ್ಮು ಹೋಗಿದ್ದೂ ಆ ರಿಬ್ಬನ್ನಿನಿಂದಲೇ. ಆಗ ಈ ಮಹಾರಾಯನಿಗೆ ಆ ಹೆಸರಿನಿಂದ ನಾಚಿಕೆಯಾಗಿರಲಿಲ್ಲ.

ಅಲ್ಲೇ ನಿಂತು ಅವನಿಂದಲೇ ರೇಡಿಯೋದವರಿಗೆ ಫೋನ್ ಮಾಡಿಸಿದೆ. ಸಂಜೆ ರೇಡಿಯೋದವರು ಸರಿಯಾಗಿ ಓದುವಷ್ಟರಲ್ಲಿ ಪೆಟ್ಟಿಗೆ ಮುಚ್ಚಿ ಚರ್ಚಿಗೆ ಹೊರಡಿಸಿಯಾಗಿತ್ತು. ಅಂಗಳದಲ್ಲಿ ಯೂನಾ ಎದುರಾದಳು. ತಂಗಿಯ ಬಾಲ್ಯದ ಗೆಳತಿ, ಏಪ್ರನ್ ಕೂಡ ಬಿಚ್ಚದೆ ಓಡಿಬಂದಿದ್ದಳು. ಅವಳ ಹಿಂದೆ ರಸ್ತೆಯುದ್ದಕ್ಕೂ ಊರೇ ಬರುತ್ತಿತ್ತು.

"ಮುಖ ನೋಡ್ಬೇಕು ಕಣೇ," ಎಂದಳು ನನ್ನ ಕೈ ಹಿಡಿದು.

"ಮುಚ್ಚಿದ್ಮೇಲೆ ಮತ್ತೆ ತೆಗೆಯಲ್ಲಮ್ಮ," ಎಂದ ಪೆಟ್ಟಿಗೆ ತಂದವನು.

"ನೀವು ತೆಗೀಬೇಡಿ. ಫಿನ್ಬಾರ್, ನೀನು ತೆಗಿ," ಎಂದೆ ನಾನು.

ಊರೆಲ್ಲ ನೋಡುತ್ತಿರಲು ಅವನು ಒಂದೊಂದೇ ತಿರುಪು ಬಿಚ್ಚಿ ಮುಚ್ಚಳ ಎತ್ತಿದ. ನನಗೆ ಅವನ ಮೇಲೆ ಕನಿಕರ ಬರಲಿಲ್ಲ, ಈಗಲೂ ಇಲ್ಲ.

ಯೂನಾ ನನ್ನ ತಂಗಿಯ ಹಣೆ ಮುಟ್ಟಿದಳು.

"ಗೊಬ್ನಿಟ್, ಬೆಳಿಗ್ಗೇನೇ ಕೇಳಿಸ್ಕೊಂಡೆ ಕಣೇ ನೀನು ಸತ್ತಿದ್ದು. ರೇಡಿಯೋ ಆಫ್ ಮಾಡಿ ಕೋಳಿಗೆ ಕಾಳು ಹಾಕೋಕೆ ಹೋದೆ."