ಪೀಪಿಯ ಮೇಲಿನ ಸ್ವರ

ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವ ದೊಡ್ಡ ಹಾಲ್‌ನಲ್ಲಿ ಎರಡು ಪಕ್ಷಗಳಿದ್ದವು. ಓಟಿನ ಪಕ್ಷಗಳಲ್ಲ, ಪೀಪಿಯ ಹಾಡಿನ ಪಕ್ಷಗಳು.

"ನಿನ್ನ ಮಗಳು ಹಾಡಿದ್ರೆ ಮೈಯೆಲ್ಲಾ ಜುಮ್ ಅನ್ನುತ್ತೆ ಕಣೇ!" ಎಂದು ದುಪ್ಪಟಿ ಮಡಚುವ ಅಕ್ಕ ಕಿರುಚಿದಳು. ಆ ಹಾಲಿನಲ್ಲಿ ಪ್ರೀತಿಯನ್ನೂ ಕಿರುಚಿಯೇ ಹೇಳಬೇಕು.

"ನನಗೂ ಜುಮ್ ಅನ್ನುತ್ತೆ, ಹಲ್ಲುನೋವು ಬಂದಾಗ," ಎಂದಳು ಬಾಯ್ಲರಿನವಳು. "ಹಾಲುಹಲ್ಲು ಬಿದ್ದು ಇನ್ನೂ ನೆಟ್ಟಗಾಗಿಲ್ಲ, ಗಂಡ ಸತ್ತವಳ ಹಾಗೆ ಯಾಕೆ ಅಳುತ್ತೆ ಅದು?"

"ನಿನ್ನ ಗಂಡ ಸತ್ತರೆ ನೀನು ಅಳ್ತೀಯಾ? ಡ್ಯಾನ್ಸ್ ಮಾಡ್ತೀಯ, ಬಿಡೇ."

ಪೀಪಿಯ ಅಮ್ಮ ತಲೆ ಎತ್ತಲಿಲ್ಲ. ದಿಂಬಿನ ಚೀಲ ಹಾಸಿ, ಕಾಲಿನಿಂದ ಪೆಡಲ್ ಒತ್ತಿ, ಬುಸ್ಸೆಂದು ಎದ್ದ ಹಬೆಯೊಳಗೆ ಮುಖ ಮರೆಸಿ ನಕ್ಕಳು. ಜಗಳ ಅವಳಿಗೆ ಹಿತವಾಗಿತ್ತು. ಆ ಹಾಲಿನಿಂದ ಹೊರಟದ್ದರ ಬಗ್ಗೆ ಊರು ಹಿಂದೆಂದೂ ತಲೆ ಕೆಡಿಸಿಕೊಂಡಿರಲಿಲ್ಲ. ಇಲ್ಲಿಂದ ಹೋಗುತ್ತಿದ್ದದ್ದು ಬಿಳಿ ದುಪ್ಪಟಿ, ಬಿಳಿ ಟವೆಲ್. ಅವುಗಳ ಮೇಲೆ ಮಲಗಿದವರು ಯಾರ ಕೈಯನ್ನೂ ನೆನೆದವರಲ್ಲ.

ಹಾಲಿಗೆ ಒಂದು ರೂಢಿ ಇತ್ತು. ಒದ್ದೆ ಬಟ್ಟೆಯ ಕಬ್ಬಿಣದ ಬಂಡಿಗಳು ಸಾಲುಗಳ ನಡುವೆ ನುಗ್ಗಿ ಬರುತ್ತವೆ. ಯಂತ್ರಗಳ ಗುಡುಗಿನಲ್ಲಿ ಸಾಮಾನ್ಯ ದನಿ ಮುಳುಗಿ ಸಾಯುತ್ತದೆ. ಅದಕ್ಕೆ ಬಂಡಿ ನೂಕುವವಳು ಗುಡುಗಿನ ಮೇಲಿಂದ ದಾಟುವಂತೆ ತೆಳ್ಳಗೆ, ಎತ್ತರಕ್ಕೆ ಒಂದು ಕೂಗು ಹಾಕಬೇಕು. ಹಾಕದಿದ್ದರೆ ಯಾರದಾದರೂ ಸೊಂಟ ಹೋಯಿತೆಂದೇ ಲೆಕ್ಕ. ಒಂದು ಗಂಟೆ ಕಟ್ಟಿಸಿಕೊಡಿ ಎಂದು ಹೆಂಗಸರು ಎಷ್ಟೋ ಸಲ ಕೇಳಿದ್ದರು. "ದೇವರು ಬಾಯಿ ಕೊಟ್ಟಿದ್ದಾನಲ್ಲ," ಎಂದಿದ್ದ ಮೇಲ್ವಿಚಾರಕ. ಗಂಟೆಗೆ ಖರ್ಚಿದೆ, ಗಂಟಲು ಪುಕ್ಕಟೆ.

ಹೀಗಾಗಿ ಹಾಲಿನಲ್ಲಿ ಒಡೆಯದ ಗಂಟಲೇ ಇರಲಿಲ್ಲ. ಕೆಲಸಕ್ಕೆ ಸೇರುವಾಗ ಕೋಗಿಲೆ, ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಕಾಗೆ. ಅಲ್ಲಿ ಗೊಗ್ಗರು ದನಿ ಕಾಯಿಲೆಯಲ್ಲ, ಹಾಜರಿ.

ಪೀಪಿ ಬೆಳೆದದ್ದು ಅಲ್ಲಿಯೇ, ಮಡಚುವ ಮೇಜಿನ ಕೆಳಗೆ. ಮಾತು ಸರಿಯಾಗಿ ಬರುವ ಮೊದಲೇ ಅವಳಿಗೆ ಬಂಡಿಯ ಕೂಗು ಬಂತು. ದೊಡ್ಡವರಿಗಿಂತ ಮೇಲೆ, ದೊಡ್ಡವರಿಗಿಂತ ಚೊಕ್ಕ. ಹೆಂಗಸರು ಪೀಪಿ ಎಂದು ಕರೆದರು, ಅದೇ ನಿಂತಿತು. ಒಣಗಿಸುವ ಯಂತ್ರದ ಪಕ್ಕ ಒಂದು ಹಳೆಯ ರೇಡಿಯೊ ತೂಗುತ್ತಿತ್ತು. ಆ ಗದ್ದಲವನ್ನು ಸೀಳಿಕೊಂಡು ಕಿವಿಗೆ ಬೀಳುತ್ತಿದ್ದದ್ದು ಅಪೆರಾ ಎಂಬ ಪರದೇಶದ ಹಾಡುನಾಟಕದ ಹೆಂಗಸರ ಅತಿ ಎತ್ತರದ ಸ್ವರಗಳು ಮಾತ್ರ. ಪೀಪಿ ಅವನ್ನೇ ಕಲಿತಳು. ಭಾಷೆ ಗೊತ್ತಿಲ್ಲ, ಅರ್ಥ ಗೊತ್ತಿಲ್ಲ. ಮೆಲ್ಲಗೆ ಹಾಡುವುದೊಂದನ್ನು ಅವಳಿಗೆ ಯಾರೂ ಕಲಿಸಲಿಲ್ಲ. ಮೆಲ್ಲಗೆ ಹಾಡಿದರೆ ಅಲ್ಲಿ ಕೇಳಿಸಿಕೊಳ್ಳುವವರು ಯಾರು?

ಆಮೇಲೆ ಟಿವಿಯ ಸ್ಪರ್ಧೆ. ಆಮೇಲೆ ಹಾಡು ಮಾರುವ ಕಂಪನಿಯವನು. ಅವನು ಅಪೆರಾ ಹಾಡುಗಳ ಕೆಳಗೆ ಡ್ರಮ್ಮು, ಗಿಟಾರು ಹಾಕಿಸಿದ. ಮಗುವಿಗೆ ಬಿಳಿ ಫ್ರಾಕು ತೊಡಿಸಿದ. ಪುಟ್ಟ ಸೊಪ್ರಾನೊ, ಅಂದರೆ ಮೇಲಿನ ಸ್ವರದ ಗಾಯಕಿ, ದೇವಕನ್ಯೆಯ ಕಂಠ ಎಂದು ಗೋಡೆಗೋಡೆಗೂ ಅಂಟಿಸಿದ. ಕೇಳುಗರು ಸೀಳಿ ಎರಡಾದರು. ಇವರು ಕಣ್ಣೀರು ಒರೆಸಿಕೊಂಡರು. ಅವರು, ಇದು ಶಾಸ್ತ್ರೀಯವೂ ಅಲ್ಲ ಸಿನಿಮಾವೂ ಅಲ್ಲ, ಎರಡೂ ಕೆಟ್ಟ ಕಲಬೆರಕೆ ಎಂದು ಮೂಗು ಮುರಿದರು. ಹೊಗಳಿದವರಿಗೆ ಅಳು ಬೇಕಿತ್ತು. ತೆಗಳಿದವರಿಗೆ ಸಂಗೀತಕ್ಕೊಂದು ಬೇಲಿ ಬೇಕಿತ್ತು. ಮಗು ಇಬ್ಬರಿಗೂ ಬೇಕಿರಲಿಲ್ಲ.

ತೆಗಳುವವರ ಮುಂದಾಳಾಗಿ ದೊಡ್ಡ ಮೇಡಂ ಒಬ್ಬಳಿದ್ದಳು. ಒಂದು ಕಾಲದಲ್ಲಿ ಅಪೆರಾ ಹಾಡಿ ಹೆಸರು ಮಾಡಿದವಳು, ಈಗ ಕಲಿಸುವವಳು. ಟಿವಿಯಲ್ಲಿ ಕೂತು ಹೇಳಿದಳು: "ಇದು ಹಾಡಲ್ಲ, ಲಾಂಡ್ರಿಯ ಕೂಗು. ಮೈಕ್ ತೆಗೆದುಬಿಡಿ, ಏನು ಉಳಿಯುತ್ತೆ ನೋಡೋಣ. ದವಡೆ ನಡುಗ್ತಿದೆ, ಕತ್ತಿನ ನರ ಉಬ್ಬಿದೆ. ಹೀಗೇ ಬಿಟ್ಟರೆ ಈ ಗಂಟಲು ಬಾಳೋದಿಲ್ಲ."

ಅಮ್ಮನ ಕಿವಿಗೆ ಹೊಕ್ಕದ್ದು ಮೊದಲ ಮಾತು ಮಾತ್ರ. ಅದು ಅಲ್ಲೇ ಮುಳ್ಳಾಗಿ ನಿಂತಿತು. ಉಳಿದ ಮಾತುಗಳಿಗೆ ಒಳಗೆ ಜಾಗವಿರಲಿಲ್ಲ.

ಒಂದು ಬೆಳಿಗ್ಗೆ ಪೀಪಿ ಎದ್ದು, ಕಲ್ಲಿನ ಮೇಲೆ ಬಕೆಟ್ ಎಳೆದಂಥ ದನಿಯಲ್ಲಿ ಹೇಳಿದಳು, "ಅಮ್ಮಾ, ಮೇಲಿನ ಸ್ವರ ಸಿಗ್ತಿಲ್ಲ."

"ಸಿಗುತ್ತೆ. ಬಾ, ಹಬೆ ತಗೋ." ಅಮ್ಮ ಅವಳನ್ನು ಹಾಲಿಗೆ ಕರೆದೊಯ್ದು, ಇಸ್ತ್ರಿ ಯಂತ್ರದ ಹಬೆಗೆ ಮುಖ ಒಡ್ಡಿಸಿದಳು. ಹೆಂಗಸರು ಮಾಡುತ್ತಿದ್ದದ್ದೂ ಅದನ್ನೇ. ಹಬೆ ಕುಡಿದರೆ ಸ್ವಲ್ಪ ಹೊತ್ತು ಗಂಟಲು ಸಡಿಲವಾಗುತ್ತದೆ, ನೋವು ಮರೆಯಾಗುತ್ತದೆ, ಪಾಳಿ ಮುಗಿಯುತ್ತದೆ.

"ಮರಳು ಇದ್ದ ಹಾಗಿದೆ, ಅಮ್ಮಾ."

"ನಮ್ಮ ಹಾಲಲ್ಲಿ ಯಾರ ಗಂಟಲಲ್ಲಿ ಮರಳಿಲ್ಲ ಹೇಳು?" ಅಮ್ಮ ಅವಳ ಗಲ್ಲ ಹಿಂಡಿ ನಕ್ಕಳು. "ಈಗ ನೀನು ಪೂರ್ತಿ ನಮ್ಮವಳಾದೆ."

ಬೇರೆ ಯಾವ ತಾಯಿಯಾದರೂ ಹೆದರುತ್ತಿದ್ದಳೇನೋ. ಇವಳಿಗೆ ಹೆದರಿಕೆ ಬರುವುದಕ್ಕೆ ಸರಿಯಾದ ಗಂಟಲು ಹೇಗಿರುತ್ತದೆಂದೇ ಮರೆತುಹೋಗಿತ್ತು.

ದೊಡ್ಡ ಸಂಗೀತ ಕಚೇರಿಯ ದಿನ ಬಂತು. ವೇದಿಕೆಯ ಹಿಂದಿನ ಕೋಣೆಯಲ್ಲಿ ಕನ್ನಡಿಯ ಸುತ್ತ ಬಲ್ಬುಗಳು ಉರಿಯುತ್ತಿದ್ದವು. ಬೇರೆಯವರ ಇಸ್ತ್ರಿ ಅಮ್ಮನಿಗೆ ಹಿಡಿಸದು. ತಾನೇ ನಿಂತು ಬಿಳಿ ಫ್ರಾಕಿನ ನೆರಿಗೆ ತೀಡುತ್ತಿದ್ದಳು. ಬಾಗಿಲು ತೆರೆದು ದೊಡ್ಡ ಮೇಡಂ ಒಳಗೆ ಬಂದಳು. ನೇರವಾಗಿ ಕಂಪನಿಯವನ ಎದುರು ನಿಂತಳು.

"ಈ ಹುಡುಗೀನ ಇವತ್ತು ಹಾಡಿಸಬೇಡಿ. ಅಭ್ಯಾಸ ಮಾಡೋದನ್ನ ಆಚೆ ನಿಂತು ಕೇಳಿದೆ. ಗಂಟಲೊಳಗೆ ಊದಿದೆ. ಒಂದು ವರ್ಷ ಬಾಯಿ ತೆರೆಯೋ ಹಾಗಿಲ್ಲ."

"ಮೇಡಂ, ಟಿಕೆಟ್ ಎಲ್ಲ ಹೋಗಿಬಿಟ್ಟಿದೆ," ಕಂಪನಿಯವನು ಹಲ್ಲು ಕಿರಿದ. "ಬೇಕಾದ್ರೆ ತಾಯೀನೇ ಕೇಳಿ."

ಮೇಡಂ ಸುತ್ತ ನೋಡಿದಳು. ಅವಳ ಕಣ್ಣು ಇಸ್ತ್ರಿ ಹಿಡಿದವಳ ಮೇಲೆ ಹಾದು, ಮೇಜಿನ ಮೇಲೆ, ಗೋಡೆಯ ಮೇಲೆ ಹಾದಷ್ಟೇ ಸಲೀಸಾಗಿ ಮುಂದೆ ಹೋಯಿತು. ಮತ್ತೆ ಇಸ್ತ್ರಿಯವಳತ್ತಲೇ ತಿರುಗಿ ಹೇಳಿದಳು, "ಏ, ಇಸ್ತ್ರಿ ಆಮೇಲೆ ಮಾಡು. ಹೋಗಿ ಹುಡುಗಿಯ ತಾಯೀನ ಕರ್ಕೊಂಡು ಬಾ."

"ನಾನೇ ತಾಯಿ."

"ಓ." ಮೇಡಂ ದನಿ ತಗ್ಗಿಸಿದಳು. "ನೋಡಿಮ್ಮಾ, ನಿಮ್ಮಂಥವರಿಗೆ ಇದೆಲ್ಲ ಅರ್ಥ ಆಗೋದು ಕಷ್ಟ..."

ಪೀಪಿ ಕುರ್ಚಿಯಲ್ಲಿ ಕೂತು ಅಮ್ಮನನ್ನೇ ನೋಡುತ್ತಿದ್ದಳು. ಒಂದು ಕೈ ಗಂಟಲ ಮೇಲಿತ್ತು.

ಮೇಡಂ ತಂದ ಮಾತು ಔಷಧಿಯೇ. ಆದರೆ ಎಂಜಲು ತಟ್ಟೆಯಲ್ಲಿಟ್ಟು ತಂದಳು. ತಟ್ಟೆಯನ್ನು ಬೀಸಿ ಒಗೆದರೆ ಔಷಧಿಯೂ ಮಣ್ಣುಪಾಲು. ಹಾಗಂತ ತಲೆತಲಾಂತರದಿಂದ ಎಂಜಲು ಉಂಡವರಿಗೆ ನಿಧಾನವಾಗಿ ಯೋಚಿಸು ಎಂದು ಬುದ್ಧಿ ಹೇಳುವವರು ಯಾರು?

"ಹಾಡ್ತಾಳೆ," ಎಂದಳು ಅಮ್ಮ. "ಲಾಂಡ್ರಿಯ ಕೂಗು ಎಷ್ಟು ದೂರ ಕೇಳುತ್ತೆ ಅಂತ ನೀವೂ ಕೂತು ಕೇಳಿ."

ಮೇಡಂ ಹೋದಳು. ಪೀಪಿ ಮೆಲ್ಲಗೆ, "ಅಮ್ಮಾ, ನನಗೆ..." ಎಂದಳು.

"ಕೈ ಎತ್ತು." ಅಮ್ಮ ಫ್ರಾಕು ತೊಡಿಸಿದಳು. ಫ್ರಾಕು ಇನ್ನೂ ಬೆಚ್ಚಗಿತ್ತು. ಮಾತು ಅದರೊಳಗೇ ಉಳಿಯಿತು.

ಕೊನೆಯ ಹಾಡಿನ ಕೊನೆಯ ಸ್ವರ ಏರಿತು, ಏರಿತು, ಅಲ್ಲಿ ಹಿಡಿದುಕೊಳ್ಳಲು ಏನೂ ಸಿಗದೆ ಪರ್ರೆಂದು ಹರಿಯಿತು. ಪರದೆಯ ಪಕ್ಕ ನಿಂತಿದ್ದ ಅಮ್ಮನಿಗೆ ಆ ಸದ್ದು ಗೊತ್ತಿತ್ತು. ಸವೆದ ದುಪ್ಪಟಿಯನ್ನು ಎರಡು ಕಡೆಯಿಂದ ಎಳೆದಾಗ ಬರುವ ಸದ್ದು. ಪಿಟೀಲುಗಳು ಓಡಿಬಂದು ಮುಚ್ಚಿದವು. ಮಗು ಬಾಯಿ ತೆರೆದೇ ನಿಂತಿತ್ತು.

ಆಗ ಅರ್ಧ ಸಭೆ ಎದ್ದು ನಿಂತು ಚಪ್ಪಾಳೆ ಹೊಡೆಯಿತು. ಅಳು ಉಕ್ಕಿ ದನಿ ಬಿಗಿಯಿತೆಂದು ತಿಳಿದು ಅವರೂ ಅತ್ತರು. ಉಳಿದರ್ಧ ಕೈ ಕಟ್ಟಿ ಕೂತಿತು, ನಾವು ಹೇಳಿರಲಿಲ್ಲವೇ ಎಂಬ ತೃಪ್ತಿಯಲ್ಲಿ. ಒಡೆದ ಸದ್ದಿಗೂ ಎರಡು ಪಕ್ಷ! ಕಂಪನಿಯವನು ಅಷ್ಟು ತುಣುಕನ್ನೇ ಕತ್ತರಿಸಿ 'ದೇವಕನ್ಯೆಯ ಬಿಕ್ಕು' ಎಂದು ಹೆಸರಿಟ್ಟು ಎಲ್ಲರ ಫೋನುಗಳಿಗೆ ಹರಿಯಬಿಟ್ಟ. ಊರೆಲ್ಲ ಮತ್ತೆ ಕಚ್ಚಾಡಿತು.

ಡಾಕ್ಟರು ಗಂಟಲೊಳಗೆ ನಳಿಕೆ ಇಳಿಸಿ ನೋಡಿದರು. ಎರಡೂ ಕಡೆ ಗಂಟು, ಒಂದು ಕಡೆ ರಕ್ತ. ಈಗ ಪಿಸುಮಾತೂ ಕೂಡದು, ಮುಂದೆ ಮಾತು ಬಂದೀತು, ಹಾಡು ಮರೆತುಬಿಡಿ ಎಂದರು. ಕಂಪನಿಯವನಿಗೆ ಇನ್ನೂ ಚಿಕ್ಕವಳೊಬ್ಬಳು ಸಿಕ್ಕಳು. ಅದೇ ಬಿಳಿ ಫ್ರಾಕಿನ ಅಂಚು ಮಡಚಿ ಹೊಲಿಸಿದ.

ಪೀಪಿ ಮತ್ತೆ ಮಡಚುವ ಮೇಜಿನ ಕೆಳಗೆ ಬಂದು ಕೂತಳು. ಈಗ ಅಲ್ಲಿ ಹಿಡಿಸಲಾರದಷ್ಟು ಬೆಳೆದಿದ್ದಳು, ಮೊಣಕಾಲು ಎದೆಗೆ ಒತ್ತುತ್ತಿತ್ತು. ಮೇಜಿನ ಮೇಲೆ ಫೋನು ಅದೇ ತುಣುಕು ಹಾಡುತ್ತಿತ್ತು.

"ಬೇಕಂತಲೇ ಬಿಕ್ಕಿದ್ದು ಕಣೇ, ಅದೇ ಕಲೆ," ಎಂದಳು ಮಡಚುವ ಅಕ್ಕ.

"ಒಡೆದದ್ದು ಅಂದ್ರೆ ಒಡೆದದ್ದೇ. ಕಿವಿ ಒತ್ತೆ ಇಟ್ಟಿದ್ದೀಯಾ?" ಎಂದಳು ಬಾಯ್ಲರಿನವಳು.

"ಆರಿಸೇ ಅದನ್ನ!" ಅಮ್ಮ ಗುಡುಗಿದಳು. ಮಡಚುವ ಅಕ್ಕ ಫೋನು ಆರಿಸಿದಳು. ಅಮ್ಮ ಯಂತ್ರ ಬಿಟ್ಟು ಬಂದು ಸಾಲಿನ ನಡುವೆ ಕುಕ್ಕರುಗಾಲಲ್ಲಿ ಕೂತಳು, ಮೇಜಿನ ಕೆಳಗೆ ಬಗ್ಗಿದಳು. "ಪೀಪಿ, ಆವತ್ತು ಫ್ರಾಕು ಹಾಕೋವಾಗ ಏನೋ ಹೇಳೋಕೆ ಬಂದಿದ್ದೆಯಲ್ಲ. ಏನದು, ಕಂದಾ?"

ಪೀಪಿ ಅವಳತ್ತ ನೋಡಲಿಲ್ಲ, ಅವಳ ಹಿಂದೆ ನೋಡುತ್ತಿದ್ದಳು. ಹೊಸದಾಗಿ ಸೇರಿದವಳೊಬ್ಬಳು ಬಂಡಿ ನೂಕಿಕೊಂಡು ಬರುತ್ತಿದ್ದಳು. ಬಟ್ಟೆಯ ರಾಶಿಯ ಮೇಲಿಂದ ಅವಳಿಗೆ ದಾರಿ ಕಾಣುತ್ತಿರಲಿಲ್ಲ, ಕೂಗು ಇನ್ನೂ ಕಲಿತಿರಲಿಲ್ಲ. ಪೀಪಿಯ ಬಾಯಿ ತೆರೆಯಿತು. ಹುಟ್ಟಿದಾಗಿನಿಂದ ಬಲ್ಲ ಕೂಗಿನ ಆಕಾರವನ್ನೇ ತುಟಿ ತಾಳಿತು. ಬಂದದ್ದು ಬರೀ ಗಾಳಿ.

ಕೈಗೆ ಸಿಕ್ಕ ಕಬ್ಬಿಣದ ಹ್ಯಾಂಗರ್ ಎತ್ತಿ ಮೇಜಿನ ಕಾಲಿಗೆ ಬಡಿದಳು. ಠಣ್! ಅಮ್ಮ ಬೆಚ್ಚಿ ಪಕ್ಕಕ್ಕೆ ಉರುಳಿದಳು. ಬಂಡಿಯ ಮೂಲೆ ಅವಳ ಸೊಂಟ ಸವರಿಕೊಂಡು ಹೋಯಿತು.

ಮೇಲ್ವಿಚಾರಕ ಓಡಿಬಂದ. "ಏನಿದು ಗಲಾಟೆ? ಬಾಯಿಲ್ವಾ ನಿಮಗೆ?"

ಅಮ್ಮ ನೆಲದ ಮೇಲಿಂದಲೇ ಉತ್ತರಿಸಿದಳು. "ಮುಗೀತು ಸಾರ್. ನಿಮಗೆ ಕೊಡೋಕೆ ಇನ್ನು ಬಾಯಿ ಉಳಿದಿಲ್ಲ. ಗಂಟೆ ಕಟ್ಟಿಸಿ."

ಅವನು ಏನೋ ಗೊಣಗಿದ. ಯಾರಿಗೂ ಕೇಳಿಸಲಿಲ್ಲ. ಪೀಪಿ ಬಾಯಿ ತೆರೆದುಕೊಂಡೇ ಮೇಜಿನ ಕಾಲಿಗೆ ಬಡಿಯುತ್ತಿದ್ದಳು. ಬಂಡಿ ದಾಟಿಹೋಗಿ ಎಷ್ಟೋ ಹೊತ್ತಾಗಿತ್ತು, ಅವಳು ನಿಲ್ಲಿಸಲಿಲ್ಲ.